ಕ್ಯಾಮೆರಾದಿಂದ ಕಾಣೆಯಾದ ದೋಷ

ಮಾರ್ಚ್ ನಾಲ್ಕು, ಮಂಗಳವಾರ, ಬೆಳಿಗ್ಗೆ ಹತ್ತು ಇಪ್ಪತ್ತು. ಠಾಣೆಯ ಮೆಟ್ಟಿಲು ಹತ್ತಿ ಬಂದ ಹಿರಿಯ ಹೆಂಗಸೊಬ್ಬರು ಹೆಗಲಿನ ಚೀಲದಿಂದ ಹಳೆಯ ಕ್ಯಾಮೆರಾ ಒಂದನ್ನು ತೆಗೆದು ದೂರು ಬರೆದುಕೊಳ್ಳುವ ರೈಟರನ ಮೇಜಿನ ಮೇಲಿಟ್ಟರು. ಕಳುವಿನ ದೂರು ಕೊಡಬೇಕು ಎಂದರು.

"ಏನು ಕಳುವಾಗಿದೆ?" ರೈಟರ್ ಪೆನ್ನಿನ ಮುಚ್ಚಳ ತೆಗೆದ.

"ಇದರೊಳಗಿನ ಗಾಜು."

ರೈಟರ್ ಕ್ಯಾಮೆರಾವನ್ನು ತಿರುಗಿಸಿ ನೋಡಿದ. ಒಂದರ ಮೇಲೊಂದು ಎರಡು ಕಣ್ಣಿರುವ, ಎದೆಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಜಾತಿಯದು. ಎರಡು ಕಣ್ಣಲ್ಲೂ ಗಾಜು ಹೊಳೆಯುತ್ತಿತ್ತು.

"ಗಾಜು ಇಲ್ಲೇ ಇದೆಯಲ್ಲಮ್ಮ."

"ಇದು ನನ್ನದಲ್ಲಪ್ಪ. ನನ್ನದರಲ್ಲಿ ಒಂದು ದೋಷ ಇತ್ತು. ಇದರಲ್ಲಿ ಅದಿಲ್ಲ."

"ಅಂದ್ರೆ ಕಳುವಾಗಿರೋದು ದೋಷ." ರೈಟರ್ ಪೆನ್ನು ಕೆಳಗಿಟ್ಟ. "ನಮ್ಮ ಜೀಪೂ ಒಂದ್ಸಲ ಆ ಕಳ್ಳನ ಕೈಗೆ ಸಿಗಬಾರದಾ."

ಪಕ್ಕದ ಬೆಂಚಿನ ಮೇಲಿದ್ದ ಇಬ್ಬರು ಪೇದೆಗಳು ನಕ್ಕರು. ಆ ನಗು ಕೇಳಿಯೇ ಒಳಗಿನ ಮಾಲ್‌ಖಾನೆಯಲ್ಲಿ ಜಪ್ತಿ ವಸ್ತುಗಳಿಗೆ ಚೀಟಿ ಕಟ್ಟುತ್ತಿದ್ದ ಮುಖ್ಯಪೇದೆ ಹೊರಗೆ ಬಂದ. ಬಂದವನು ಬಾಗಿಲಲ್ಲೇ ನಿಂತ. ಬಂದಿದ್ದವರು ಊರಿನ ಹಳೆಯ ಫೋಟೋ ಸ್ಟುಡಿಯೋ ನಡೆಸುವ, ಎಲ್ಲರೂ ಸ್ಟುಡಿಯೋ ಅಕ್ಕ ಎನ್ನುವವರು. ಅವರ ಕ್ಯಾಮೆರಾ ರಿಪೇರಿಗೆ ಹೋಗಿದ್ದು ಅವನ ಮಾತಿನ ಮೇಲೆಯೇ.

ಠಾಣೆಯಲ್ಲಿ ಅವನಿಗೆ ಫೋಟೋ ಹೆಡ್ಡು ಎಂಬ ಹೆಸರಿತ್ತು. ಇಲಾಖೆಗೆ ಹೊಸ ಕ್ಯಾಮೆರಾಗಳು ಬರುವ ಮೊದಲು ಅಪಘಾತ, ಕಳವು, ಕೊಲೆ ಏನೇ ನಡೆದರೂ ಸ್ಥಳದ ಚಿತ್ರ ತೆಗೆಯುತ್ತಿದ್ದವನು ಅವನೇ, ಅದೂ ತನ್ನ ಸ್ವಂತ ಕ್ಯಾಮೆರಾದಲ್ಲಿ. ಈಗ ಭಾನುವಾರ ಮಾತ್ರ ಅದು ಪೆಟ್ಟಿಗೆಯಿಂದ ಹೊರಗೆ ಬರುತ್ತಿತ್ತು. ಫಿಲಂ ತೊಳೆಸಲು ಊರಿನಲ್ಲಿ ಉಳಿದಿದ್ದ ಜಾಗ ಸ್ಟುಡಿಯೋ ಅಕ್ಕನ ಕತ್ತಲೆಕೋಣೆ ಒಂದೇ.

"ಏನಕ್ಕಾ, ಏನಾಯ್ತು?" ಎಂದ.

"ನೀನೇ ಇದ್ದೀಯಲ್ಲ, ಒಳ್ಳೇದಾಯ್ತು. ರಿಪೇರಿಗೆ ಯಾರ ಹತ್ತಿರ ಕೊಡಲಿ ಅಂತ ನಾನು ನಿನ್ನ ಕೇಳಿದ್ದೆ. ನೀನು ಮೇಷ್ಟ್ರ ಹೆಸರು ಹೇಳಿದೆ. ಚೀಟೀಲಿ ವಿಳಾಸಾನೂ ಬರೆದುಕೊಟ್ಟೆ. ನಾನು ಸುಮ್ಮನೆ ಬಂದಿಲ್ಲಪ್ಪ. ಮೊದಲು ಅವರ ಹತ್ತಿರಾನೇ ಹೋಗಿದ್ದೆ. 'ಗಾಜು ಶುಚಿ ಮಾಡಿದೀನಿ, ಕಲೆ ಹೋಯ್ತು, ಸಂತೋಷಪಡಿ' ಅಂದ್ರು."

"ಹಾಗೇ ಇರಬೇಕಲ್ಲ ಅಕ್ಕಾ. ಏನೋ ತಪ್ಪು ತಿಳ್ಕೊಂಡಿರಬೇಕು ನೀವು. ಮೇಷ್ಟ್ರು ಅಂಥವರಲ್ಲ."

"ಅದನ್ನೇ ನೀನು ಸೆಪ್ಟೆಂಬರ್‌ನಲ್ಲೂ ಹೇಳಿದ್ದೆ."

ಇನ್‌ಸ್ಪೆಕ್ಟರ್ ಮೇಡಂ ಬಂದದ್ದು ಆಗಲೇ. ಈ ಠಾಣೆಗೆ ವರ್ಗವಾಗಿ ಬಂದು ಮೂರು ತಿಂಗಳಾಗಿತ್ತು. ಹೆಚ್ಚು ಮಾತಿಲ್ಲ, ಗದರಿಕೆಯಿಲ್ಲ, ಆದರೆ ಕೇಳಿದ ಪ್ರಶ್ನೆಗೆ ಉತ್ತರ ಸಿಗುವ ತನಕ ಅಲ್ಲಿಂದ ಅಲುಗುತ್ತಿರಲಿಲ್ಲ. ಅವರು ದೂರುದಾರರನ್ನು ತಮ್ಮ ಕೋಣೆಗೆ ಕರೆದು ಕೂರಿಸಿದರು. ಮುಖ್ಯಪೇದೆಯೂ ಹಿಂದೆ ಹೋಗಿ ನಿಂತ.

"ದೋಷ ಅಂದ್ರಲ್ಲ, ಎಂಥದು?"

ಅಕ್ಕ ಚೀಲದಿಂದ ಒಂದು ಆಲ್ಬಂ ತೆಗೆದು ಬಿಚ್ಚಿದರು. ಪ್ರತಿ ಪುಟದಲ್ಲೂ ಒಂದೇ ಕುರ್ಚಿ, ಒಂದೇ ಕಿಟಕಿ, ಒಬ್ಬಳೇ ಹೆಣ್ಣುಮಗಳು. ಮೊದಲ ಪುಟದಲ್ಲಿ ಅವಳಿಗೆ ಇಪ್ಪತ್ತೈದಿರಬಹುದು. ಪುಟ ತಿರುವಿದಂತೆ ಕೂದಲು ನರೆಯುತ್ತ ಹೋಗಿತ್ತು. ಪ್ರತಿ ಚಿತ್ರದ ಬಲಮೂಲೆಯಲ್ಲೂ, ಗೋಡೆಯ ಮೇಲೆ ತೇಲಿದಂತೆ, ಒಂದು ಮಸುಕು ಅರ್ಧಚಂದ್ರ.

"ನನ್ನ ತಂಗಿ. ಪ್ರತಿ ವರ್ಷ ಅವಳ ಹುಟ್ಟಿದ ದಿನ ಒಂದು ಫೋಟೋ, ಮೂವತ್ತೊಂದು ವರ್ಷದಿಂದ. ಒಳಗಿನ ಗಾಜಿನ ಅಂಚಿನಲ್ಲಿ ಒಂದು ಸಣ್ಣ ಚಕ್ಕೆ ಎದ್ದಿತ್ತು ಮೇಡಂ. ಕಿಟಕಿ ಬೆಳಕು ಎಡಗಡೆಯಿಂದ ಬಿದ್ರೆ ಬಲಗಡೆ ಈ ಚಂದ್ರ ಬರೋದು. ತೆಗೆಸಿಬಿಡೋಣ ಅಂತ ಒಂದು ಕಾಲದಲ್ಲಿ ನಾನೂ ಅಂದ್ಕೊಂಡಿದ್ದೆ. ಆಮೇಲೆ ತಂಗಿಗೆ ಮರೆವಿನ ಕಾಯಿಲೆ ಬಂತು. ಈಗ ಕನ್ನಡಿ ನೋಡಿದ್ರೆ ಯಾರಿದು ಅಂತಾಳೆ. ಆದ್ರೆ ಈ ಆಲ್ಬಂ ಕೊಟ್ರೆ ಚಂದ್ರನ ಮೇಲೆ ಬೆರಳಿಟ್ಟು 'ಇದು ನಾನು, ಇದು ನಾನು' ಅಂತ ಪುಟ ತಿರುವ್ತಾಳೆ."

ಕೊನೆಯ ಪುಟದ ಚಿತ್ರ ಹೋದ ತಿಂಗಳು ಹತ್ತೊಂಬತ್ತರದು. ಅದೇ ಕುರ್ಚಿ, ಅದೇ ಕಿಟಕಿ. ಚಂದ್ರನಿಲ್ಲ. ಮುಖದ ಅಂಚುಗಳು ಹೊಗೆಯೊಳಗಿಂದ ತೆಗೆದಂತಿದ್ದವು.

"ಇದನ್ನ ನೋಡಿ ಏನಂದ್ರು?"

"ಬೋರಲು ಹಾಕಿ ಇಟ್ಟಳು. 'ಈಯಮ್ಮ ಯಾರು, ನನ್ನ ಕುರ್ಚೀಲಿ ಯಾಕೆ ಕೂತಿದಾಳೆ' ಅಂದಳು."

ಇನ್‌ಸ್ಪೆಕ್ಟರ್ ಆಲ್ಬಂ ಮುಚ್ಚಿದರು. ರಿಪೇರಿಯವನನ್ನು ಹೇಗೆ ಆರಿಸಿದಿರಿ ಎಂದು ಕೇಳಿದರು. ಅಕ್ಕ ಮುಖ್ಯಪೇದೆಯತ್ತ ಕೈ ತೋರಿಸಿ ಅವನ ಮಾತುಗಳನ್ನೇ ಒಪ್ಪಿಸಿದರು: ಒಳ್ಳೆಯ ರಿಪೇರಿಯವನು ಬಿಚ್ಚಿದ ಸ್ಕ್ರೂವಿನ ತಲೆಯ ಮೇಲೆ ಒಂದು ಗೀರೂ ಬಿಡುವುದಿಲ್ಲ, ಬದಲಾಯಿಸಿದ ಹಳೆಯ ಭಾಗವನ್ನು ಪೊಟ್ಟಣ ಕಟ್ಟಿ ವಾಪಸ್ ಕೊಡುತ್ತಾನೆ, ಆಗದ ಕೆಲಸವನ್ನು ಆಗುವುದಿಲ್ಲ ಎನ್ನುತ್ತಾನೆ. ಮಾರ್ಕೆಟ್ ಹಿಂದಿನ ಸಿಡುಕನ ಹತ್ತಿರ ಮಾತ್ರ ಹೋಗಬೇಡಿ, ಅವನ ಬಾಯಿ ಸರಿಯಿಲ್ಲ.

ಮಧ್ಯಾಹ್ನ ಹನ್ನೆರಡು ಹದಿನೈದಕ್ಕೆ ನಂಬಿಕೆದ್ರೋಹ ಮತ್ತು ವಂಚನೆಯ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು. ಅಪರಾಧ ಸಂಖ್ಯೆ ಅರವತ್ತೊಂದು. ಗಾಜು ಕಳುವಾಗಿದೆ ಎಂದು ಬರೆಯುವಾಗ ರೈಟರ್ ನಗಲಿಲ್ಲ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಇನ್‌ಸ್ಪೆಕ್ಟರ್ ಮತ್ತು ಮುಖ್ಯಪೇದೆ ಮೇಷ್ಟ್ರ ಅಂಗಡಿಗೆ ಹೋದರು. ಔಷಧಿ ಅಂಗಡಿಯ ಮೇಲಿನ ಮಹಡಿ, ಕಿರಿದಾದ ಮೆಟ್ಟಿಲು. ಹಿಂದೆ ತಾಂತ್ರಿಕ ಶಾಲೆಯಲ್ಲಿ ಪಾಠ ಹೇಳಿದ್ದರಿಂದ ಆ ಹೆಸರು. ಮುಖ್ಯಪೇದೆ ಇಪ್ಪತ್ತಾರು ವರ್ಷದಿಂದ ಈ ಮೆಟ್ಟಿಲು ಹತ್ತಿದವನು. ಫಿಲಂ ಹಾಕುವುದನ್ನು ಕಲಿತದ್ದು ಇಲ್ಲಿ. ಅಪ್ಪ ತೀರಿಕೊಂಡ ವಾರ ಮನೆಯಲ್ಲಿ ಕೂರಲಾಗದೆ ಬಂದು ಸುಮ್ಮನೆ ಕೂತದ್ದೂ ಇಲ್ಲಿ. ಗೋಡೆಯ ಮೇಲೆ ಒಂದು ಅಂಗುಲದ ಜಾಗವಿಲ್ಲದಂತೆ ಸಣ್ಣ ಸಣ್ಣ ಡ್ರಾಯರುಗಳು, ಪ್ರತಿಯೊಂದಕ್ಕೂ ದುಂಡಗಿನ ಅಕ್ಷರದ ಚೀಟಿ.

"ಬಾಪ್ಪಾ ಬಾ. ಮೇಡಂ, ಕೂತ್ಕೊಳ್ಳಿ." ಮೇಷ್ಟ್ರು ಎದ್ದು ನಿಂತರು. ಎಪ್ಪತ್ತರ ಹತ್ತಿರದ ವಯಸ್ಸು, ಬಿಳಿ ಏಪ್ರನ್, ಎರಡೂ ಕೈ ಅದರ ಜೇಬಿನೊಳಗೆ.

"ಈ ಕ್ಯಾಮೆರಾ ನೀವು ರಿಪೇರಿ ಮಾಡಿದ್ದಾ?"

"ಹೌದು. ಶಟರ್ ಅಂಟಿಕೊಂಡಿತ್ತು. ಸರಿ ಮಾಡಿ ಕೊಟ್ಟಿದೀನಿ."

"ಗಾಜು ಬದಲಾಯಿಸಿದ್ರಾ?"

"ಇಲ್ಲ. ಶುಚಿ ಮಾಡಿದೆ. ಗಾಜಿನ ಸುತ್ತ ರಿಂಗಿದೆ, ಅದರ ಮೇಲೆ ನಂಬರಿದೆ. ಅಕ್ಕನ ಹಳೇ ಖರೀದಿ ಕಾಗದಕ್ಕೆ ತಾಳೆ ನೋಡಿ."

ಇನ್‌ಸ್ಪೆಕ್ಟರ್ ತಾಳೆ ನೋಡಿದರು. ನಂಬರು ಸರಿಯಿತ್ತು. ಮುಖ್ಯಪೇದೆಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

"ಈಗ ನಮ್ಮ ಮುಂದೆ ಒಂದ್ಸಲ ಬಿಚ್ಚಿ ತೋರಿಸ್ತೀರಾ?" ಇನ್‌ಸ್ಪೆಕ್ಟರ್ ಕೇಳಿದರು.

"ಈಗ ಬೆಳಕು ಸಾಲದು ಮೇಡಂ. ಬಿಟ್ಟು ಹೋಗಿ. ಹದಿನೈದು ದಿನ ಬಿಟ್ಟು ಬನ್ನಿ."

ಕಿಟಕಿಯಿಂದ ಬಿಸಿಲು ಮೇಜಿನ ತುಂಬ ಬಿದ್ದಿತ್ತು. ಇನ್‌ಸ್ಪೆಕ್ಟರ್ ಅದನ್ನು ನೋಡಿದರು, ಮೇಷ್ಟ್ರನ್ನು ನೋಡಿದರು. ಇನ್ನೇನೂ ಕೇಳದೆ ಅಂಗಡಿಯ ರಿಜಿಸ್ಟರನ್ನು ವಶಕ್ಕೆ ಪಡೆದು ರಸೀದಿ ಕೊಟ್ಟರು. ಮೇಷ್ಟ್ರು ರಸೀದಿಗೆ ಕೈ ಚಾಚಲಿಲ್ಲ, ಮೇಜಿನ ಮೇಲಿಡಿ ಎಂದರು.

ಕೆಳಗಿಳಿದ ಮೇಲೆ ಮುಖ್ಯಪೇದೆ ತಡೆಯಲಾರದೆ ಹೇಳಿದ: "ಮೇಡಂ, ನಂಬರೇ ಸರಿ ಇದೆಯಲ್ಲ."

"ಮೊದಲೆಲ್ಲ ನಿಮ್ಮ ಮುಂದೆ ಬಿಚ್ಚುತಿದ್ರಾ ಅವರು?"

"ಹೂಂ. ಬಿಚ್ಚುತ್ತ ಪಾಠ ಹೇಳೋರು."

"ಕೊನೇ ಸಲ ಬಿಚ್ಚಿದ್ದು ಯಾವಾಗ?"

ಮುಖ್ಯಪೇದೆ ಲೆಕ್ಕ ಹಾಕಿದ. ಮೂರು ವರ್ಷವೋ ನಾಲ್ಕೋ ಆಗಿತ್ತು. ಇಷ್ಟು ದಿನ ಅದು ಅವನ ತಲೆಗೇ ಹೋಗಿರಲಿಲ್ಲ.

ಮಾರ್ಚ್ ಆರರಂದು, ಗುರುವಾರ, ಕ್ಯಾಮೆರಾ ಸಿಡುಕನ ಅಂಗಡಿಗೆ ಹೋಯಿತು. ಊರಿನಲ್ಲಿ ಈ ಕೆಲಸ ಬಲ್ಲ ಇನ್ನೊಬ್ಬನೆಂದರೆ ಅವನೇ. ಮಾರ್ಕೆಟ್ ಹಿಂದೆ, ಪ್ಲಾಸ್ಟಿಕ್ ಬಕೆಟ್ಟುಗಳ ಗೋದಾಮಿನ ಪಕ್ಕದಲ್ಲಿ ಒಂದು ಕಿಟಕಿ, ಒಂದು ದೀಪ, ಎರಡು ಸ್ಟೂಲು. ಮುಖ್ಯಪೇದೆ ಅವನಿಗೆ ನಮಸ್ಕಾರ ಹೇಳಿದ. ಅವನು ಹೇಳಲಿಲ್ಲ.

"ಯಾರ ಕ್ಯಾಮೆರಾ?"

"ನನ್ನದು," ಎಂದರು ಸ್ಟುಡಿಯೋ ಅಕ್ಕ.

"ನೀವು ಈ ಸ್ಟೂಲಲ್ಲಿ ಕೂತ್ಕೊಳ್ಳಿ. ನೋಡ್ತಾ ಇರಿ. ಮಾತಾಡಬೇಡಿ. ಮಾಲೀಕರು ಎದುರಿಗಿಲ್ದೆ ನಾನು ಬಿಚ್ಚಲ್ಲ, ಪೊಲೀಸರಿರಲಿ ಯಾರೇ ಇರಲಿ."

ಇಬ್ಬರು ಪಂಚರ ಸಮಕ್ಷಮ ಹನ್ನೊಂದು ನಲವತ್ತಕ್ಕೆ ಕೆಲಸ ಶುರುವಾಯಿತು. ಅವನು ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಬಿಳಿ ಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿಟ್ಟ. ಅರ್ಧ ಗಂಟೆಯಲ್ಲಿ ಗಾಜು ಹೊರಗೆ ಬಂತು. ಅದನ್ನು ದೀಪದೆದುರು ಹಿಡಿದು ಇನ್‌ಸ್ಪೆಕ್ಟರಿಗೆ ಭೂತಗನ್ನಡಿ ಕೊಟ್ಟ.

"ರಿಂಗು ಈ ಕ್ಯಾಮೆರಾದ್ದೇ. ಗಾಜು ಬೇರೆ ಎಲ್ಲಿಂದಲೋ ತಂದು ಆ ರಿಂಗಿನ ಹಿಂದೆ ಕೂರಿಸಿದಾರೆ. ಒಳಗೆ ಬೂಷ್ಟು ಹಿಡಿದಿದೆ ನೋಡಿ, ಜೇಡನ ಬಲೆ ಥರ. ಚಕ್ಕೆ ಎದ್ದಿರೋ ಗುರುತು ಎಲ್ಲೂ ಇಲ್ಲ. ಇಲ್ಲಿ ಸ್ಕ್ರೂ ನೋಡಿ."

ಮೂರು ಸ್ಕ್ರೂಗಳ ತಲೆ ಇಲಿ ಕಡಿದಂತೆ ಹರಿದುಹೋಗಿತ್ತು.

ಮುಖ್ಯಪೇದೆಗೆ ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. "ಮೇಡಂ, ಇದು ಮೇಷ್ಟ್ರ ಕೈಯಲ್ಲ. ಇಪ್ಪತ್ತಾರು ವರ್ಷದಲ್ಲಿ ಅವರು ಬಿಚ್ಚಿದ ಸ್ಕ್ರೂ ಮೇಲೆ ಕೂದಲೆಳೆಯಷ್ಟು ಗೀರೂ ನಾನು ನೋಡಿಲ್ಲ. ಬೇರೆ ಯಾರೋ ಬಿಚ್ಚಿದಾರೆ."

"ಅವರಾದ ಮೇಲೆ ಇದು ಬೇರೆ ಯಾರ ಕೈಗೂ ಹೋಗಿಲ್ಲಪ್ಪ," ಎಂದರು ಅಕ್ಕ. "ಬೀರುವಿನಲ್ಲಿತ್ತು. ಬೀಗದ ಕೈ ನನ್ನ ಸೊಂಟದಲ್ಲಿತ್ತು."

ಸಿಡುಕ ತಲೆಯೆತ್ತಲಿಲ್ಲ. "ನಂಗೆ ಗೊತ್ತಿರೋ ಮಟ್ಟಿಗೆ ಈ ಊರಲ್ಲಿ ಕೈ ಅಂದ್ರೆ ಅವರ ಕೈ. ಈ ಬಡ್ಡೀ ಮಗ ಸ್ಕ್ರೂ ಹೀಗಾಗಬೇಕಾದ್ರೆ ಒಂದೋ ಕೈ ನಡುಗಬೇಕು, ಇಲ್ಲಾ ಕಣ್ಣು ಕಾಣಬಾರದು. ಬರೆದುಕೊಳ್ಳಿ, ನಾನು ಸಹಿ ಹಾಕ್ತೀನಿ."

ಪಂಚನಾಮೆ ಒಂದು ಗಂಟೆ ಹತ್ತು ನಿಮಿಷಕ್ಕೆ ಮುಗಿಯಿತು. ಹೊರಡುವಾಗ ಅಕ್ಕ ಮುಖ್ಯಪೇದೆಯ ಪಕ್ಕಕ್ಕೆ ಬಂದು, "ಇವನ ಬಾಯಿ ಸರಿಯಿಲ್ಲ ಅಂದಿದ್ದೆ ನೀನು. ಬಾಯಿ ಕಟ್ಟಿಕೊಂಡು ನನಗೇನಾಗಬೇಕಿತ್ತಪ್ಪ," ಎಂದರು. ಕೋಪದಿಂದ ಹೇಳಲಿಲ್ಲ. ಅದಕ್ಕೇ ಅದು ಹೆಚ್ಚು ನಾಟಿತು.

ಮೇಷ್ಟ್ರ ರಿಜಿಸ್ಟರಿನಲ್ಲಿ ಕಳೆದ ನಾಲ್ಕು ವರ್ಷದಲ್ಲಿ ಗಾಜಿನ ಕೆಲಸಕ್ಕೆ ಬಂದ ಹನ್ನೊಂದು ಹೆಸರಿದ್ದವು. ಶುಕ್ರವಾರವಿಡೀ ಅವರನ್ನು ಕರೆಸಿ ಹೇಳಿಕೆ ಪಡೆಯಲಾಯಿತು. ನಿವೃತ್ತ ರೈಲ್ವೆ ಗಾರ್ಡ್ ಒಬ್ಬರು ತಮ್ಮ ಚಿತ್ರಗಳು ಮಸುಕಾಗಿದ್ದಕ್ಕೆ ತಮಗೇ ಕಣ್ಣಿನ ಪೊರೆ ಬಂದಿದೆ ಎಂದುಕೊಂಡು ಆಪರೇಷನ್ ಮಾಡಿಸಿಕೊಂಡಿದ್ದರು. ಕಾಲೇಜಿನ ಮೇಡಂ ಒಬ್ಬರು, ತಾನು ಚಿತ್ರ ತೆಗೆಯುವುದನ್ನೇ ಮರೆತೆ ಎಂದು ಬೇಸರವಾಗಿ ಕ್ಯಾಮೆರಾ ಅಟ್ಟಕ್ಕೆ ಹಾಕಿದ್ದರು. ಯಾರೂ ಮೇಷ್ಟ್ರನ್ನು ಅನುಮಾನಿಸಿರಲಿಲ್ಲ. ಎಲ್ಲರೂ ತಮ್ಮನ್ನೇ ಅನುಮಾನಿಸಿಕೊಂಡಿದ್ದರು.

"ಅವರನ್ನೇ ಯಾಕೆ ನಂಬಿದ್ರಿ?" ಎಂದು ಇನ್‌ಸ್ಪೆಕ್ಟರ್ ಪ್ರತಿಯೊಬ್ಬರನ್ನೂ ಕೇಳಿದರು.

"ಒಂದ್ಸಲ ನನ್ನ ಕ್ಯಾಮೆರಾ ನೋಡಿ, ಇದಕ್ಕೇನೂ ಆಗಿಲ್ಲ, ದುಡ್ಡು ದಂಡ ಮಾಡಬೇಡಿ ಅಂತ ವಾಪಸ್ ಕಳಿಸಿದ್ರು," ಎಂದರು ಗಾರ್ಡ್. "ಅಂಥವರನ್ನ ನಂಬದೆ ಇನ್ಯಾರನ್ನ ನಂಬೋದು ಮೇಡಂ."

ಸಂಜೆ ಐದಕ್ಕೆ ಇನ್‌ಸ್ಪೆಕ್ಟರ್ ರಿಜಿಸ್ಟರನ್ನು ಮುಖ್ಯಪೇದೆಯ ಮುಂದಕ್ಕೆ ತಳ್ಳಿದರು. ಅಕ್ಕನ ಮಾದರಿಯ ಕ್ಯಾಮೆರಾ ಆ ನಾಲ್ಕು ವರ್ಷದಲ್ಲಿ ಬಂದದ್ದು ಇನ್ನೊಂದೇ ಒಂದು. ಆಗಸ್ಟ್ ಇಪ್ಪತ್ತರಂದು ಬಂದು ಸೆಪ್ಟೆಂಬರ್ ಇಪ್ಪತ್ತೆಂಟರಂದು ವಾಪಸಾದದ್ದು.

"ಇದು ನಿಮ್ಮ ಹೆಸರು."

"ಹೌದು ಮೇಡಂ. ನನ್ನದು ಸರಿಯಾಗೇ ಇದೆ. ಮೊದಲಿಗಿಂತ ಚೆನ್ನಾಗಿದೆ."

"ಅದೇ ನಾನು ಯೋಚನೆ ಮಾಡ್ತಿರೋದು. ಅದಾದ ಮೇಲೆ ತೆಗೆದ ಫೋಟೋ, ನೆಗೆಟಿವ್ ಇದ್ರೆ ನಾಳೆ ತನ್ನಿ."

ಶನಿವಾರ ಬೆಳಿಗ್ಗೆ ಏಳಕ್ಕೆ ಅವನು ಮನೆಯ ಹಾಲಿನಲ್ಲಿ ಕೂತು ಲಕೋಟೆಗಳನ್ನು ಒಂದೊಂದಾಗಿ ತೆಗೆದ. ಅಕ್ಟೋಬರಿನಿಂದೀಚೆಗೆ ಅಕ್ಕ ತೊಳೆದುಕೊಟ್ಟ ಎರಡು ರೋಲು. ಹೆಚ್ಚಿನವು ಹೊರಗೆ, ಬೆನ್ನಿಗೆ ಬಿಸಿಲಿಟ್ಟುಕೊಂಡು ತೆಗೆದವು. ಕೆರೆ, ಬಸ್ ನಿಲ್ದಾಣ, ಪಕ್ಕದ ಮನೆಯ ನಾಯಿ. ಒಂದರಲ್ಲೂ ಏನೂ ಇರಲಿಲ್ಲ. ಅವನು ಲಕೋಟೆಗಳನ್ನು ಮತ್ತೆ ಜೋಡಿಸತೊಡಗಿದ.

ಹೆಂಡತಿ ಚಹಾ ಲೋಟ ಇಡುತ್ತ ಬಗ್ಗಿ ನೋಡಿದಳು. "ಮಗೂದು ಎಲ್ಲಿ? ಸೊಸೆ ಕಿಟಕಿ ಹತ್ತಿರ ಎತ್ತಿಕೊಂಡು ನಿಂತಿದ್ದು. ಅದು ಶೋಕೇಸ್‌ನಲ್ಲಿದೆ ಅಲ್ವಾ."

ಅದು ಡಿಸೆಂಬರಿನದು. ಮೊದಲ ಮೊಮ್ಮಗಳು ಮನೆಗೆ ಬಂದ ದಿನ. ಹೆಂಡತಿ ಫ್ರೇಮನ್ನು ತಂದು ಸೆರಗಿನಿಂದ ಒರೆಸಿ ಕೊಟ್ಟಳು. ಎಡಗಡೆ ಕಿಟಕಿ. ಸೊಸೆಯ ಹೆಗಲ ಮೇಲೆ ಮಗುವಿನ ತಲೆ. ಬಲಗಡೆಯ ಗೋಡೆಯ ಮೇಲೆ ಮಸುಕಾಗಿ ಒಂದು ಅರ್ಧಚಂದ್ರ.

ಅವನು ಅದರ ಮೇಲೆ ಬೆರಳಿಟ್ಟ.

"ನಾನು ಅವತ್ತೇ ಹೇಳಿದ್ದೆ, ಇದೇನ್ರೀ ಗೋಡೆ ಮೇಲೆ ಬೆಳ್ಳಗೆ ಅಂತ. ಸೊಸೆ ಬಳೆಯ ಹೊಳಪು ಅಂದ್ರಿ ನೀವು."

ಅವನು ಮಗ ಕಳಿಸಿದ್ದ ಲಕೋಟೆ ಬಿಚ್ಚಿದ. ನೆಗೆಟಿವ್ ಹುಡುಕಿ ತೆಗೆದು ಕಿಟಕಿಗೆ ಹಿಡಿದ. ಅದರಲ್ಲಿ ಚಂದ್ರ ಕಪ್ಪಗಿತ್ತು, ಇನ್ನೂ ಸ್ಪಷ್ಟವಾಗಿತ್ತು. ಹನ್ನೆರಡು ಚಿತ್ರಗಳ ಒಂದು ಪಟ್ಟಿ ಅಷ್ಟೇ. ಬೆಂಕಿಕಡ್ಡಿ ಸೋಕಿಸಿದರೆ ಒಂದೇ ಉಸಿರಿಗೆ ಬೂದಿಯಾಗುವಂಥದ್ದು. ಮೇಡಂ ಮುಂದೆ ಕೆರೆ ಮತ್ತು ನಾಯಿಯ ಚಿತ್ರ ಇಟ್ಟರೆ ಸಾಕು; ಅನುಮಾನ ಇರಬಹುದು, ಸಾಕ್ಷ್ಯ ಇರುವುದಿಲ್ಲ. ಮೇಷ್ಟ್ರು ಮೇಷ್ಟ್ರಾಗಿ ಉಳಿಯುತ್ತಾರೆ. ಅವನ ಕ್ಯಾಮೆರಾ ಅವನಲ್ಲೇ ಉಳಿಯುತ್ತದೆ.

ಆದರೆ ಆ ಕ್ಯಾಮೆರಾದ ಕಣ್ಣು ಅವನದಲ್ಲ. ಐದು ತಿಂಗಳಿಂದ ಅಕ್ಕನ ಗಾಜನ್ನು ಎದೆಗೊತ್ತಿಕೊಂಡು ಅವನು ಭಾನುವಾರಗಳನ್ನು ಕಳೆದಿದ್ದ. ಅವನ ಉಳಿದ ರೋಲುಗಳನ್ನು ತೊಳೆದುಕೊಟ್ಟವರೂ ಆ ಅಕ್ಕನೇ.

"ಅಕ್ಕನ ಕತ್ತಲೆಕೋಣೇಲೇ ಇದು ತೊಳೆದಿದ್ದು ಅಲ್ವಾ?" ಹೆಂಡತಿ ಕೇಳಿದಳು. "ಅವರ ಕಣ್ಣಿಗೆ ಬೀಳಲಿಲ್ವಾ?"

"ಈ ರೋಲನ್ನ ಮಗನೇ ತನ್ನೂರಲ್ಲಿ ತೊಳೆಸಿ ಕಳಿಸಿದ್ದು. ಮಗೂ ಫೋಟೋ ಬೇಗ ಬೇಕು ಅಂತ." ನೆಗೆಟಿವನ್ನು ಲಕೋಟೆಗೆ ಸೇರಿಸುತ್ತ ಹೇಳಿದ: "ಅಕ್ಕನ ಕೈಗೇ ಕೊಟ್ಟಿದ್ರೆ ಅವತ್ತೇ ಗೊತ್ತಾಗಿಬಿಡ್ತಿತ್ತು."

ಅವನು ಫ್ರೇಮಿನ ಹಿಂದಿನ ಮೊಳೆಗಳನ್ನು ಸಡಿಲಿಸಿ ಚಿತ್ರ ಹೊರತೆಗೆದ. ಹೆಂಡತಿ ಬೇಡವೆನ್ನಲಿಲ್ಲ. ಚಿತ್ರ, ನೆಗೆಟಿವ್, ಕ್ಯಾಮೆರಾ ಮೂರನ್ನೂ ಚೀಲಕ್ಕೆ ಹಾಕಿ ಎಂಟೂಕಾಲಿಗೆ ಮನೆ ಬಿಟ್ಟ. ಚಹಾ ಹಾಗೇ ಉಳಿಯಿತು.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಎರಡು ನೆಗೆಟಿವ್‌ಗಳನ್ನು ಒಂದರ ಮೇಲೊಂದಿಟ್ಟು ಮೇಜಿನ ದೀಪದ ಮೇಲೆ ಹಿಡಿದರು. ಒಂದು ಅಕ್ಕನ ಹಿಂದಿನ ವರ್ಷದ್ದು, ಒಂದು ಅವನದು. ಒಂದು ಚಂದ್ರ ಇನ್ನೊಂದರ ಮೇಲೆ ಕೂತು ಒಂದೇ ಆಯಿತು. ಅಗಲ, ಬಾಗು, ಕೆಳತುದಿಯ ಸಣ್ಣ ಮುರಿವು ಎಲ್ಲ ಒಂದೇ.

"ಇದನ್ನ ತರದೆ ಇರಬಹುದಿತ್ತು ನೀವು," ಎಂದರು ಇನ್‌ಸ್ಪೆಕ್ಟರ್.

"ಹೌದು ಮೇಡಂ."

"ಇನ್ಮೇಲೆ ಈ ಕೇಸಿನ ತನಿಖೇಲಿ ನೀವಿಲ್ಲ. ಸಾಕ್ಷಿ."

"ಗೊತ್ತು ಮೇಡಂ."

ಮಧ್ಯಾಹ್ನ ಸಿಡುಕನ ಅಂಗಡಿಯಲ್ಲಿ ಅವನ ಕ್ಯಾಮೆರಾವನ್ನು ಬಿಚ್ಚಲಾಯಿತು. ಈ ಸಲ ಮಾಲೀಕನ ಸ್ಟೂಲಿನಲ್ಲಿ ಕೂತವನು ಅವನು. ರಿಂಗು ಅವನದು. ಗಾಜಿನ ಅಂಚಿನಲ್ಲಿ ಎಳ್ಳಿಗಿಂತ ಚಿಕ್ಕದೊಂದು ಚಕ್ಕೆ ಎದ್ದಿತ್ತು. ಸ್ಕ್ರೂಗಳ ತಲೆ ಹರಿದಿತ್ತು. ಐದು ತಿಂಗಳಲ್ಲಿ ಅವನು ಒಮ್ಮೆಯೂ ಸ್ಕ್ರೂಗಳತ್ತ ನೋಡಿರಲಿಲ್ಲ. ಮೇಷ್ಟ್ರ ಕೆಲಸವನ್ನು ತಿರುಗಿಸಿ ನೋಡುವುದುಂಟೇ.

ಸೋಮವಾರ, ಮಾರ್ಚ್ ಹತ್ತು. ಶೋಧನಾ ವಾರಂಟ್ ಹಿಡಿದು ಬೆಳಿಗ್ಗೆ ಹತ್ತೂವರೆಗೆ ಪೊಲೀಸರು ಔಷಧಿ ಅಂಗಡಿಯ ಮೆಟ್ಟಿಲು ಹತ್ತಿದರು. ತನ್ನ ಗಾಜು ಸಿಕ್ಕರೆ ಗುರುತಿಸಲು ಮುಖ್ಯಪೇದೆಯೂ ಬರಬೇಕಾಯಿತು. ಸಮವಸ್ತ್ರ ಹಾಕದೆ ಬಂದು ಬಾಗಿಲ ಬಳಿ ನಿಂತ.

ಹುಡುಕುವುದೇ ಬೇಕಾಗಲಿಲ್ಲ. ಕೆಳಗಿನ ಸಾಲಿನ ಡ್ರಾಯರೊಂದರಲ್ಲಿ ಫಿಲಂ ಬರುವ ಪುಟ್ಟ ಡಬ್ಬಿಗಳು ಎಂಟಿದ್ದವು. ಪ್ರತಿಯೊಂದಕ್ಕೂ ಚೀಟಿ ಅಂಟಿತ್ತು, ಅದರ ಮೇಲೆ ಕ್ಯಾಮೆರಾದ ಮಾಲೀಕರ ಗುರುತು ಮತ್ತು ತಾರೀಖು. ಹಳೆಯ ಚೀಟಿಗಳ ಅಕ್ಷರ ದುಂಡಗಿತ್ತು, ಈಚಿನವು ಅಲೆಯಲೆಯಾಗಿದ್ದವು. ಇನ್‌ಸ್ಪೆಕ್ಟರ್ ಒಂದನ್ನು ಬಿಚ್ಚಿ ಕಾಗದದ ಮೇಲೆ ಸುರಿದರು. ಒಡೆದ ಗಾಜಿನ ಚೂರುಗಳು.

"ಇದು ಯಾರದು?"

ಮೇಷ್ಟ್ರು ಸ್ಟೂಲಿನ ಮೇಲೆ ಕೂತಿದ್ದರು. ಬಾಗಿಲತ್ತ ನೋಡಿದರು. "ಇವನದು. ಆಗಸ್ಟ್ ಇಪ್ಪತ್ತೊಂಬತ್ತು. ಕೈಯಿಂದ ಜಾರಿ ಬಿತ್ತು."

"ಸ್ಟುಡಿಯೋ ಅಕ್ಕನ ಗಾಜು?"

"ಇವನದಕ್ಕೆ ಹಾಕಿದೆ."

"ಅಕ್ಕನದಕ್ಕೆ?"

"ಗುಜರಿ ಡಬ್ಬದಲ್ಲಿ ಒಂದಿತ್ತು. ಬೂಷ್ಟು ಒರೆಸಿ ಹಾಕಿದೆ. ಪೂರ್ತಿ ಹೋಗಲಿಲ್ಲ."

"ಉಳಿದ ಏಳು ಡಬ್ಬಿ?"

"ಅವೂ ಹಾಗೇ. ಒಬ್ಬರದು ಒಡೆದ್ರೆ ಇನ್ನೊಬ್ಬರದು ತೆಗೆದು ಹಾಕಿದೆ. ಅವರದಕ್ಕೆ ಮತ್ತೊಬ್ಬರದು. ಒಂದು ಸುಳ್ಳು ಮುಚ್ಚೋಕೆ ಹತ್ತು ಸುಳ್ಳು ಅಂತಾರಲ್ಲ ಮೇಡಂ."

"ಕೈ ಹೊರಗೆ ತೆಗೀರಿ."

ಮೇಷ್ಟ್ರು ಏಪ್ರನ್ನಿನ ಜೇಬಿನಿಂದ ಕೈ ತೆಗೆದು ಮೇಜಿನ ಮೇಲಿಟ್ಟರು. ಬಲಗೈ ತಾನೇ ತಾನಾಗಿ ಕುಣಿಯುತ್ತಿತ್ತು. ಎಡಗೈಯಿಂದ ಅದುಮಿದರು. ಎರಡೂ ನಡುಗಿದವು.

ಮುಖ್ಯಪೇದೆ ಬಾಗಿಲು ಬಿಟ್ಟು ಒಳಗೆ ಬಂದ. ಸಾಕ್ಷಿ ಮಾತಾಡಬಾರದು. ಇನ್‌ಸ್ಪೆಕ್ಟರ್ ತಡೆಯಲಿಲ್ಲ.

"ನನಗೆ ಹೇಳಬಹುದಿತ್ತಲ್ಲ ಮೇಷ್ಟ್ರೇ. ಒಡೆದುಹೋಯ್ತಪ್ಪ ಅಂತ ಒಂದು ಮಾತು. ನಾನು ಏನನ್ನುತಿದ್ದೆ?"

"ಏನೂ ಅನ್ನುತಿರಲಿಲ್ಲ. ಹೋಗಲಿ ಬಿಡಿ ಮೇಷ್ಟ್ರೇ ಅಂತಿದ್ದೆ." ಮೇಷ್ಟ್ರು ಮೇಜು ನೋಡುತ್ತ ಹೇಳಿದರು. "ಆಮೇಲೆ ಇನ್ನೊಂದು ಕ್ಯಾಮೆರಾ ತರುತಿರಲಿಲ್ಲ. ಸುಮ್ಮನೆ ನೋಡೋಕೆ ಬರುತಿದ್ದೆ. ಹಣ್ಣು ತಗೊಂಡು."

"ಅಕ್ಕ ಏನು ಮಾಡಿದ್ರು ನಿಮಗೆ?"

"ಏನೂ ಇಲ್ಲ. ಮೂರು ದಿನ ನಾನು ನಿದ್ದೆ ಮಾಡಿರಲಿಲ್ಲ, ನಿನಗೇನು ಹೇಳಲಿ ಅಂತ. ನಾಲ್ಕನೇ ದಿನ ಆಯಮ್ಮ ಬಂದ್ರು, ಅದೇ ಮಾದರಿ ಕ್ಯಾಮೆರಾ. ಕೈಯಲ್ಲಿ ನಿನ್ನ ಚೀಟಿ ಇತ್ತು." ಅವರು ಮೇಜಿನ ಮೇಲಿನ ಚೂರುಗಳತ್ತ ನೋಡಿದರು. "ನೀನು ಗುರುತು ಹಿಡೀತೀಯ ಅಂತ ಒಳ್ಳೇ ಗಾಜು ನಿನಗೆ ಹಾಕಿದೆ. ಆಯಮ್ಮ ಹಿಡಿಯಲ್ಲ ಅಂದ್ಕೊಂಡೆ."

"ನಾನು ಹಿಡೀಲಿಲ್ಲ ಮೇಷ್ಟ್ರೇ. ಅವರು ಹಿಡಿದ್ರು."

ಇನ್‌ಸ್ಪೆಕ್ಟರ್ ಕಾಗದವನ್ನು ಅವನ ಮುಂದಕ್ಕೆ ಸರಿಸಿದರು. ಮುಖ್ಯಪೇದೆ ಚೂರುಗಳನ್ನೂ ಚೀಟಿಯ ತಾರೀಖನ್ನೂ ನೋಡಿ, ಗಾಜು ತನ್ನದೇ ಎಂದು ಪಂಚನಾಮೆಗೆ ಹೇಳಿಕೆ ಕೊಟ್ಟ. ಅವನಿಗೆ ಅಳು ಬರಲಿಲ್ಲ, ಕೋಪವೂ ಬರಲಿಲ್ಲ. ತನ್ನ ಮೇಲಿನ ಪ್ರೀತಿಯಿಂದ ಒಬ್ಬ ಮನುಷ್ಯ ಇನ್ನೊಬ್ಬರ ಮನೆಗೆ ಕನ್ನ ಹಾಕಿದ್ದಾನೆ, ಬಾಗಿಲು ತೋರಿಸಿದವನು ತಾನು. ಇದನ್ನು ಯಾವ ಕಲಮಿನಡಿ ಬರೆಯಬೇಕೆಂದು ಮೂವತ್ತು ವರ್ಷದ ನೌಕರಿ ಅವನಿಗೆ ಕಲಿಸಿರಲಿಲ್ಲ.

ಹನ್ನೆರಡು ಐದಕ್ಕೆ ಮೇಷ್ಟ್ರನ್ನು ದಸ್ತಗಿರಿ ಮಾಡಲಾಯಿತು. ಇಳಿಯುವಾಗ ಮೆಟ್ಟಿಲು ಕಿರಿದು. ಪೇದೆಯೊಬ್ಬ ಮುಂದೆ, ಒಬ್ಬ ಹಿಂದೆ. ಔಷಧಿ ಅಂಗಡಿಯವನು ಕೌಂಟರಿನಿಂದ ಎದ್ದು ನಿಂತು, "ಮೇಷ್ಟ್ರೇ, ಎಲ್ಲಿಗೆ?" ಎಂದ. "ಠಾಣೆಗೆ," ಎಂದರು ಮೇಷ್ಟ್ರು. "ಏನಾದ್ರೂ ಕ್ಯಾಮೆರಾ ಕೆಟ್ಟಿತ್ತಾ?" ಎಂದು ಅವನು ಕೇಳಿದ. ಮುಂದಿದ್ದ ಪೇದೆ ಜೀಪಿನ ಬಾಗಿಲು ತೆಗೆದ.

ಸ್ಟುಡಿಯೋ ಅಕ್ಕನ ಗಾಜನ್ನು ಕೇಸು ಮುಗಿಯುವ ತನಕ ಅವರ ವಶಕ್ಕೆ ಕೊಡಬೇಕೆಂದು ಇನ್‌ಸ್ಪೆಕ್ಟರ್ ಅಂದೇ ನ್ಯಾಯಾಲಯಕ್ಕೆ ಅರ್ಜಿ ಬರೆದರು. ಗಾಜನ್ನು ಮತ್ತೆ ಕೂರಿಸುವ ಕೆಲಸಕ್ಕೆ ಸಿಡುಕ ಒಪ್ಪಿದ, ಅಕ್ಕ ಎದುರಿಗೆ ಕೂತು ಮಾತಾಡದಿದ್ದರೆ ಎಂಬ ಷರತ್ತಿನ ಮೇಲೆ. ಉಳಿದ ಏಳು ಜನರಿಗೆ ಯಾರ ಗಾಜು ಯಾರಲ್ಲಿದೆ ಎಂಬ ಪಟ್ಟಿ ಮಾಡಲು ಇನ್ನೂ ವಾರ ಬೇಕಿತ್ತು.

ಮಧ್ಯಾಹ್ನ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಮೊದಲು ಮೇಷ್ಟ್ರ ಸ್ವಇಚ್ಛಾ ಹೇಳಿಕೆಯನ್ನು ರೈಟರ್ ಓದಿ ಹೇಳಿದ. ನಡುಕ ಶುರುವಾಗಿ ನಾಲ್ಕು ವರ್ಷವಾಗಿದೆ. ವೈದ್ಯರಿಗೆ ತೋರಿಸಿಲ್ಲ. ಯಾವ ಗಾಜನ್ನೂ ಮಾರಿಲ್ಲ, ಲಾಭ ಪಡೆದಿಲ್ಲ. ಕೊನೆಯ ವಾಕ್ಯವನ್ನು ಅವರು ಹೇಳಿದಂತೆಯೇ ಬರೆಯಲಾಗಿತ್ತು: 'ಮೇಷ್ಟ್ರ ಹತ್ತಿರ ಕೊಟ್ಟರೆ ಆಯಿತು ಎಂದು ಊರಿನವರು ಹೇಳುತ್ತಿದ್ದರು. ಆ ಮಾತು ನಿಂತುಹೋದ ಮೇಲೆ ನಾನು ಯಾರು ಎಂದು ನನಗೆ ಗೊತ್ತಿರಲಿಲ್ಲ.'

"ಸಹಿ ಕಷ್ಟ ಆದ್ರೆ ಹೆಬ್ಬೆಟ್ಟು ಒತ್ತಿ," ಎಂದ ರೈಟರ್ ಮೆಲ್ಲಗೆ.

"ಬೇಡ. ಸಹಿ ಹಾಕ್ತೀನಿ."

ಪೆನ್ನಿನ ಮೊನೆ ಕಾಗದದ ಮೇಲೆ ಎರಡು ಸಲ ಜಾರಿತು. ಹಾಳೆಯೂ ಜೊತೆಗೇ ಸರಿಯಿತು. ಮೇಷ್ಟ್ರು ತಲೆಯೆತ್ತದೆ, ಎದುರಿಗೆ ನಿಂತವನಿಗೆ ಹೇಳಿದರು: "ಹಾಳೆ ಸ್ವಲ್ಪ ಹಿಡ್ಕೋಪ್ಪ."

ಮುಖ್ಯಪೇದೆ ಹಾಳೆಯ ಅಂಚನ್ನು ಒತ್ತಿ ಹಿಡಿದ. ಅವರ ಕೈಯನ್ನು ಹಿಡಿಯಲಿಲ್ಲ. ಸಹಿ ಮುಗಿಯಲು ಎರಡು ನಿಮಿಷ ಬೇಕಾಯಿತು. ಅದರ ಕೆಳಗೆ ರೈಟರ್ ಸಮಯ ನಮೂದಿಸಿದ, ಎರಡು ಗಂಟೆ ನಲವತ್ತು ನಿಮಿಷ.